ಮುಖಕ್ಕೆ ಹೊಡೀಬೇಡಿ... ಗೋಡೆಗೆ ಹೊಡೀರಿ!

ಪೋಸ್ಟರಿನಲ್ಲಿ ನಿಮ್ಮ ಹೀರೋನ ನೋಡಿದ್ದೀರಿ. ಮೂಗಿನ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ತೆಳು ನೆರಳು. ಕೆನ್ನೆಯ ಏರು ಕಾಣುತ್ತೆ, ದವಡೆಯ ಗೆರೆ ಕಾಣುತ್ತೆ, ಕಣ್ಣಲ್ಲಿ ಒಂದು ಚುಕ್ಕಿ ಮಿನುಗುತ್ತೆ. ಅದೇ ಹೀರೋ ನಿಮ್ಮೂರಿನ ಟಾಕೀಸಿಗೆ ಬಂದಾಗ ನೂಕುನುಗ್ಗಲಿನಲ್ಲಿ ಅಂಗಿ ಗುಂಡಿ ಕಿತ್ಕೊಂಡು, ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸ್ಕೊಂಡಿರಿ. ಮನೆಗೆ ಬಂದು ನೋಡಿದರೆ... ಅಯ್ಯೋ! ಇಬ್ಬರ ಮುಖವೂ ಸುಣ್ಣ ಬಳಿದ ಗೋಡೆ. ಹಣೆಯ ಬೆವರು ಎಣ್ಣೆ ಸವರಿದ ಹಾಗೆ ಮಿಂಚ್ತಾ ಇದೆ. ಕಣ್ಣು ಕೆಂಪಗೆ, ದೆವ್ವದ ಚಿತ್ರದ ವಿಲನ್ ಥರ. ಹಿಂದಿನ ಗೋಡೆಗೆ ಕಪ್ಪು ನೆರಳು ಅಂಟಿಕೊಂಡಿದೆ.

ಹೀರೋ ಅದೇ, ಮುಖ ಅದೇ. ಮೋಸ ಮಾಡಿದ್ದು ಯಾರು?

"ಕ್ಯಾಮೆರಾ ಸರಿ ಇಲ್ಲ ಗುರೂ, ಇನ್ನೂ ಒಳ್ಳೇದು ತಗೋಬೇಕು" ಅಂತೀರಿ. ಎಷ್ಟೋ ಹುಡುಗರು ಹಾಗಂದುಕೊಂಡೇ ಸಾಲ ಮಾಡಿ ದೊಡ್ಡ ಕ್ಯಾಮೆರಾ ತಂದು, ಮತ್ತೆ ಅದೇ ಸುಣ್ಣದ ಮುಖ ತೆಗೆದು, ಕಂತು ಕಟ್ಟೋಕಾಗದೆ ಕೈ ಕೈ ಹಿಸುಕಿಕೊಳ್ತಾ ಇದ್ದಾರೆ. ನಾನು ಹೇಳೋ ಮಾತು ಒಂದೇ. ಮುಖ ಕೆಡಿಸೋದು ಕ್ಯಾಮೆರಾ ಅಲ್ಲ ಸ್ವಾಮಿ, ಬೆಳಕು ಬರೋ ದಿಕ್ಕು. ಕ್ಯಾಮೆರಾದ ನೆತ್ತಿ ಮೇಲೆ ಕೂತು ನೆಟ್ಟಗೆ ಮುಖಕ್ಕೆ ಹೊಡೆಯೋ ಫ್ಲಾಶು ಎಂಥಾ ಸುಂದರನನ್ನೂ ಚಪ್ಪಟೆ ಮಾಡುತ್ತೆ. ಅದನ್ನ ತಿರುಗಿಸೋಕೆ ಕಲಿತರೆ ಹಳೇ ಕ್ಯಾಮೆರಾದಲ್ಲೂ ಸ್ಟಾರ್ ಹುಟ್ತಾನೆ!

ದೊಡ್ಡವರು ಏನು ಮಾಡಿದರು?

ಶೂಟಿಂಗ್ ನೋಡಿದ್ದೀರಾ? ಹೀರೋಯಿನ್ ನಿಂತಿರ್ತಾಳೆ. ದೊಡ್ಡ ಲೈಟು ಅವಳ ಕಡೆ ತಿರುಗಿರೋದೇ ಇಲ್ಲ! ಪಕ್ಕದಲ್ಲಿ ಒಬ್ಬ ಲೈಟ್ ಬಾಯ್ ಥರ್ಮೋಕೋಲ್ ಹಲಗೆ ಹಿಡಿದು ನಿಂತಿರ್ತಾನೆ. ಲೈಟು ಆ ಹಲಗೆಗೆ ಬಡಿದು, ಅಲ್ಲಿಂದ ಚಿಮ್ಮಿ ಮೆತ್ತಗೆ ಅವಳ ಕೆನ್ನೆ ಮೇಲೆ ಬೀಳುತ್ತೆ. ಅಗ್ಗದ ಬಿಳೀ ಹಲಗೆ, ಕೋಟಿ ಬೆಲೆಯ ಮುಖವನ್ನ ಕಾಪಾಡ್ತಾ ಇರುತ್ತೆ.

ಇದರ ಹಿಂದೆ ಒಂದು ಚರಿತ್ರೆ ಇದೆ. 1956ರಲ್ಲಿ ಸತ್ಯಜಿತ್ ರಾಯ್ 'ಅಪರಾಜಿತೋ' ತೆಗೆದಾಗ ಕಾಶಿಯ ಹಳೇ ಮನೆಯ ಅಂಗಳವನ್ನ ಕಲ್ಕತ್ತೆಯ ಸ್ಟುಡಿಯೋದಲ್ಲಿ ಸೆಟ್ ಹಾಕಬೇಕಾಯ್ತು. ನಿಜವಾದ ಅಂಗಳದಲ್ಲಿ ಬೆಳಕು ಮೇಲಿನ ಆಕಾಶದಿಂದ ಇಳಿಯುತ್ತೆ, ನೆರಳು ಗಟ್ಟಿಯಾಗಿ ಬೀಳಲ್ಲ. ಸ್ಟುಡಿಯೋ ಲೈಟು ನೇರವಾಗಿ ಬಿಟ್ಟರೆ ಒಬ್ಬೊಬ್ಬರಿಗೆ ನಾಕು ನಾಕು ನೆರಳು! ಕ್ಯಾಮೆರಾಮನ್ ಸುಬ್ರತೋ ಮಿತ್ರ ಏನು ಮಾಡಿದರು ಗೊತ್ತೇ? ಸೆಟ್ಟಿನ ಮೇಲೆ ಬಿಳೀ ಬಟ್ಟೆ ಬಿಗಿದು ಕಟ್ಟಿ, ಲೈಟುಗಳನ್ನ ಕೆಳಗಿನಿಂದ ಆ ಬಟ್ಟೆಗೆ ಬಿಟ್ಟರು. ಬಟ್ಟೆಯೇ ಆಕಾಶವಾಯ್ತು! ಇದೇ ಮಿತ್ರ ಅದಕ್ಕೆ ಮುಂಚೆ 'ಪಥೇರ್ ಪಾಂಚಾಲಿ'ಗೆ ಕೈ ಹಾಕಿದಾಗ ಸಿನಿಮಾ ಕ್ಯಾಮೆರಾವನ್ನೇ ಮುಟ್ಟಿದವರಲ್ಲ. ಬರೀ ಸ್ಟಿಲ್ ಫೋಟೋ ತೆಗೆಯುತ್ತಿದ್ದ, ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ!

ಇನ್ನು ನಮ್ಮವರ ಕತೆ ಕೇಳಿ. ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ, ಬೊಂಬಾಯಿಗೆ ಹೋಗಿ ಗುರುದತ್ತರ ಕಣ್ಣಾದವರು. 1959ರ 'ಕಾಗಜ್ ಕೇ ಫೂಲ್' ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬೆಳಕಿನ ಕಂಬ ಓರೆಯಾಗಿ ಇಳಿಯುತ್ತೆ. ಗುರುದತ್, ವಹೀದಾ ರೆಹಮಾನ್ ಆ ಕಂಬದ ಆಚೆ ಈಚೆ. ಯಾವ ದೊಡ್ಡ ಲೈಟು ಅದು? ಲೈಟೇ ಅಲ್ಲ! ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ, ಒಳಗೆ ಇನ್ನೊಂದು ಕನ್ನಡಿ. ಸೂರ್ಯನನ್ನೇ ಮಡಿಸಿ ಸ್ಟುಡಿಯೋದೊಳಕ್ಕೆ ತಂದರು. ಆ ಚಿತ್ರ ಆಗ ಓಡಲಿಲ್ಲ. ಆದರೆ ಆ ಬೆಳಕು ಇಂದಿಗೂ ಓಡ್ತಾ ಇದೆ. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು, ಒಬ್ಬ ಕ್ಯಾಮೆರಾಮನ್‌ಗೆ ಅದು ಬಂದದ್ದು ಅದೇ ಮೊದಲು. 2014ರಲ್ಲಿ ಅವರು ಬೆಂಗಳೂರಿನಲ್ಲೇ ಕಣ್ಮುಚ್ಚಿದರು. ಅವರ ಕೈಕೆಳಗೆ ಪಳಗಿದ ಗೋವಿಂದ್ ನಿಹಲಾನಿಯೂ ಅದೇ ಪಾಲಿಟೆಕ್ನಿಕ್‌ನ ವಿದ್ಯಾರ್ಥಿ. 1973ರಲ್ಲಿ ನಮ್ಮ 'ಕಾಡು' ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಅವರೇ.

ಬಟ್ಟೆ ಬೆಳಕನ್ನ ಮೆತ್ತಗೆ ಮಾಡುತ್ತೆ. ಕನ್ನಡಿ ಗಟ್ಟಿಯಾಗಿಯೇ ಇಟ್ಟು ದಿಕ್ಕು ಬದಲಿಸುತ್ತೆ. ಕೆಲಸ ಬೇರೆ ಬೇರೆ, ಬುದ್ಧಿ ಒಂದೇ. ಬೆಳಕು ಎಲ್ಲಿಂದ ಬರಬೇಕು ಅಂತ ನಿರ್ಧಾರ ಮಾಡೋನು ಕ್ಯಾಮೆರಾ ಹಿಡಿದವನು, ಅಂಗಡಿಯಲ್ಲಿ ಕ್ಯಾಮೆರಾ ಮಾರಿದವನಲ್ಲ.

ಡಬ್ಬಿಯೊಳಗಿನ ಮಿಂಚು

ಮೊದಮೊದಲು ಫೋಟೋಗ್ರಾಫರ್ ತಟ್ಟೆಯಲ್ಲಿ ಮೆಗ್ನೀಸಿಯಂ ಪುಡಿ ಸುರಿದು ಹೊತ್ತಿಸ್ತಿದ್ದ. ಢಂ ಅನ್ನೋದು, ಹೊಗೆ ಏಳೋದು, ಒಮ್ಮೊಮ್ಮೆ ಅವನ ಹುಬ್ಬೂ ಸುಡೋದು! 1930ರ ಸುಮಾರಿಗೆ ಫ್ಲಾಶ್ ಬಲ್ಬು ಬಂತು. ಒಂದು ಫೋಟೋಕ್ಕೆ ಒಂದು ಬಲ್ಬು, ಸುಟ್ಟರೆ ಬಿಸಾಕು. ಅದೇ ಕಾಲದಲ್ಲಿ ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಗ್ಯಾಸ್ ತುಂಬಿದ ಕೊಳವೆಯೊಳಗೆ ವಿದ್ಯುತ್ ಮಿಂಚು ಹರಿಸಿ, ಮತ್ತೆ ಮತ್ತೆ ಬೆಳಗೋ ಎಲೆಕ್ಟ್ರಾನಿಕ್ ಫ್ಲಾಶಿಗೆ ದಾರಿ ಮಾಡಿದರು. ಹಾಲಿನ ಹನಿ ಬಿದ್ದು ಕಿರೀಟದ ಹಾಗೆ ಎದ್ದ ಫೋಟೋ ನೋಡಿದ್ದೀರಲ್ಲ, 1957ರ ಆ ಬಣ್ಣದ ಫೋಟೋ ಅವರದೇ.

ಇವತ್ತು ಕ್ಯಾಮೆರಾ ತಲೆ ಮೇಲೆ ಸಿಕ್ಕಿಸೋ ಫ್ಲಾಶಿನಲ್ಲೂ ಅದೇ ವಿದ್ಯೆ. ನಾಕು ಪೆನ್ಸಿಲ್ ಸೆಲ್ಲು, ಒಳಗೆ ಕೆಪ್ಯಾಸಿಟರ್, ಮುಂದೆ ಕ್ಸೆನಾನ್ ಕೊಳವೆ. ಕೆಪ್ಯಾಸಿಟರ್ ಮುನ್ನೂರು ವೋಲ್ಟ್ ಸುಮಾರು ತುಂಬಿಕೊಂಡು ಕೂತಿರುತ್ತೆ. ಸೆಲ್ ತೆಗೆದ ಮೇಲೂ ಅದು ಸತ್ತಿರೋದಿಲ್ಲ. ಆದ್ದರಿಂದ ಕೆಟ್ಟ ಫ್ಲಾಶನ್ನ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಿಚ್ಚೋ ಶೂರತನ ಖಂಡಿತ ಬೇಡ!

ಕೊಳ್ಳೋವಾಗ ನೋಡಬೇಕಾದ್ದು ಎರಡೇ. ಒಂದು, ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗಬೇಕು. ತಿರುಗದ ಫ್ಲಾಶು ಪುಕ್ಕಟೆ ಕೊಟ್ಟರೂ ದುಬಾರಿ. ಎರಡು, ಗೈಡ್ ನಂಬರ್. ಅದು ಫ್ಲಾಶಿನ ತೋಳ್ಬಲ. ಐಎಸ್‌ಒ 100ರಲ್ಲಿ ಗೈಡ್ ನಂಬರ್ 40 ಅಂದರೆ, 5 ಮೀಟರ್ ದೂರದವನಿಗೆ 40 ಭಾಗಿಸು 5, ಅಂದರೆ ಎಫ್ 8. ಎರಡೂವರೆ ಮೀಟರಿಗೆ ಎಫ್ 16. ಐಎಸ್‌ಒ 400 ಇಟ್ಟರೆ ಅದೇ ಫ್ಲಾಶಿನ ಬಲ ಎರಡರಷ್ಟು, 80.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. "ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ" ಅಂತ ಫಿಜಿಕ್ಸ್ ಲೆಕ್ಚರರು ಬೋರ್ಡಿನ ಮೇಲೆ ಬರೆದಾಗ ಕಿಟಕಿ ಆಚೆ ಇದ್ದ ಸಿನಿಮಾ ಪೋಸ್ಟರ್ ನೋಡ್ತಿದ್ದೆ. ಅದು ತಲೆಗೆ ಹತ್ತಿದ್ದು ಫ್ಲಾಶ್ ಹಿಡಿದ ಮೇಲೆ. ಮುಂದಿನ ಸಾಲಿನವನ ಮುಖ ಬೆಳ್ಳಗೆ, ಮೂರನೇ ಸಾಲಿನವನು ಕತ್ತಲೆಯಲ್ಲಿ ಯಾಕೆ? ಇದೇ ಲೆಕ್ಕ! ಗುಂಪಿನ ಫೋಟೋದಲ್ಲಿ ಎಲ್ಲರಿಗೂ ಸಮಪಾಲು ಬೇಕಿದ್ದರೆ ಬೆಳಕನ್ನ ಸೂರಿಗೆ ಹೊಡೀಬೇಕು.

ಹೊಡೆಯೋದು ಹೀಗೆ

ಫ್ಲಾಶಿನ ತಲೆಯನ್ನ ಪಕ್ಕದ ಬಿಳೀ ಗೋಡೆಗೆ ತಿರುಗಿಸಿ. ಕೊಂಚ ಹಿಂದಕ್ಕೂ ಮೇಲಕ್ಕೂ ಓರೆ ಮಾಡಿ. ಈಗ ಬೆಳಕು ಬರೋದು ಅಂಗೈಯಗಲದ ಫ್ಲಾಶಿನಿಂದ ಅಲ್ಲ, ಇಡೀ ಗೋಡೆಯಿಂದ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತೆ. ಮುಖಕ್ಕೆ ಪಕ್ಕದಿಂದ ಬರೋದರಿಂದ ಮೂಗು, ಕೆನ್ನೆ ಎಲ್ಲ ಎದ್ದು ನಿಲ್ಲುತ್ತೆ. ಕಣ್ಣಿನ ಕೆಂಪೂ ಮಾಯ. ಕೆಂಪು ಬರೋದು ಯಾಕೆ ಗೊತ್ತೇ? ಫ್ಲಾಶು ಲೆನ್ಸಿಗೆ ತೀರ ಹತ್ತಿರ ಇದ್ದಾಗ ಬೆಳಕು ಕಣ್ಣಿನ ಪಾಪೆಯೊಳಗೆ ನುಗ್ಗಿ, ಹಿಂದಿನ ರಕ್ತದ ಪರದೆಗೆ ತಾಗಿ ಬಂದ ದಾರಿಯಲ್ಲೇ ವಾಪಸ್ ಬರುತ್ತೆ. ದಾರಿ ತಪ್ಪಿಸಿದರೆ ಮುಗೀತು.

ಆದರೆ ಗೋಡೆ ಬೆಳಕನ್ನ ನುಂಗುತ್ತೆ. ದಾರಿಯೂ ಉದ್ದ. ಆ ದೂರದ ಲೆಕ್ಕ ಹಾಕಿದ ಮೇಲೂ ಇನ್ನೊಂದೆರಡು ಸ್ಟಾಪ್ ಹೆಚ್ಚು ಬೇಕು. ಐಎಸ್‌ಒ ಏರಿಸಿ, ಅಪರ್ಚರ್ ತೆರೀರಿ.

ಗೋಡೆಯ ಬಣ್ಣದ ಬಗ್ಗೆ ಹುಷಾರು! ಹಸಿರು ಗೋಡೆಗೆ ಹೊಡೆದರೆ ಮದುಮಗ ಕಾಮಾಲೆ ರೋಗಿ. ನಮ್ಮ ಕಡೆ ಮದುವೆಯಲ್ಲಿ ಕೆಂಪು ಹಳದಿ ಶಾಮಿಯಾನ ಕಟ್ಟಿರ್ತಾರಲ್ಲ, ಅದಕ್ಕೆ ಹೊಡೆದರೆ ಇಡೀ ಬೀಗರ ಪಡೆಯೇ ಟೊಮೇಟೊ. ಕಲ್ಯಾಣ ಮಂಟಪದ ಸೂರು ಎರಡು ಮಹಡಿ ಎತ್ತರ ಇದ್ದರೆ ಬೆಳಕು ವಾಪಸ್ಸೇ ಬರಲ್ಲ. ಆಗ ಏನು ಗತಿ? ಗೆಳೆಯನ ಕೈಗೆ ಥರ್ಮೋಕೋಲ್ ಕೊಡಿ. ಇಲ್ಲವಾ, ಬಿಳೀ ಅಂಗಿ ಹಾಕ್ಕೊಂಡಿರೋ ಗೆಳೆಯನನ್ನೇ ಪಕ್ಕದಲ್ಲಿ ನಿಲ್ಲಿಸಿ ಅವನ ಎದೆಗೆ ಹೊಡೀರಿ. ನಗಬೇಡಿ, ಕೆಲಸ ಮಾಡುತ್ತೆ! ಫ್ಲಾಶನ್ನ ಕ್ಯಾಮೆರಾದಿಂದ ಬಿಚ್ಚಿ, ವೈರಿನಲ್ಲೋ ರೇಡಿಯೋ ಟ್ರಿಗರಿನಲ್ಲೋ ಜೋಡಿಸಿ, ಎಡಗೈಯಲ್ಲಿ ಎತ್ತಿ ಹಿಡಿದರಂತೂ ಗೋಡೆಯ ಹಂಗೇ ಇಲ್ಲ.

ಆರತಿ ಫೋಟೋ ತೆಗೆಯೋವಾಗ ಒಂದು ಗುಟ್ಟು. ಫ್ಲಾಶಿನ ಮಿಂಚು ಸುಮಾರು ಸೆಕೆಂಡಿನ ಸಾವಿರದ ಒಂದು ಭಾಗ, ಇಲ್ಲವೇ ಅದಕ್ಕಿಂತಲೂ ಚಿಕ್ಕದು. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ವ್ಯತ್ಯಾಸ ಇಲ್ಲ. ಆದರೆ ದೀಪದ ಬೆಳಕಿಗೆ ಇದೆ! ಶಟರ್ 30ರಲ್ಲಿ ಒಂದು ಸೆಕೆಂಡಿಗೆ ಇಳಿಸಿ, ಫ್ಲಾಶಿನ ಬಲ ತಗ್ಗಿಸಿ. ದೀಪದ ಬಂಗಾರದ ಬೆಳಕೂ ಬರುತ್ತೆ, ಮುಖವೂ ಬರುತ್ತೆ. ದೀಪಕ್ಕೂ ಫ್ಲಾಶಿಗೂ ಬಣ್ಣ ಹೊಂದಬೇಕಿದ್ದರೆ ಫ್ಲಾಶಿನ ಮುಂದೆ ಕಿತ್ತಳೆ ಜೆಲ್ ಹಾಳೆ ಅಂಟಿಸಿ.

ಇದಕ್ಕೆ ಉಲ್ಟಾ, ಶಟರನ್ನ ತೀರ ಜೋರಾಗಿಟ್ಟರೆ ಫೋಟೋದಲ್ಲಿ ಅರ್ಧ ಮಂದಿ ಕಪ್ಪು ಪಟ್ಟಿಯ ಹಿಂದೆ ಮಾಯ ಆಗ್ತಾರೆ. ಶಟರಿನ ಎರಡು ಪರದೆ ಪೂರ್ತಿ ತೆರೆದಿರೋ ಹೊತ್ತಿಗೇ ಫ್ಲಾಶ್ ಮಿಂಚಬೇಕು. ಎಷ್ಟೋ ಹಳೇ ರೀಲ್ ಕ್ಯಾಮೆರಾಗಳಲ್ಲಿ ಈ ಗಡಿ 60ರಲ್ಲಿ ಒಂದು, ಈಗಿನ ಬಹುಪಾಲು ಕ್ಯಾಮೆರಾಗಳಲ್ಲಿ 200 ಅಥವಾ 250ರಲ್ಲಿ ಒಂದು. ಹೈಸ್ಪೀಡ್ ಸಿಂಕ್ ಇರೋ ಫ್ಲಾಶು ಗಡಿ ದಾಟುತ್ತೆ, ಆದರೆ ಬಲ ಕಳ್ಕೊಳ್ಳುತ್ತೆ.

ಇನ್ನೊಂದು ಮಾತು. ಆಟೋ ಫ್ಲಾಶಿಗೆ ಕಣ್ಣಿದೆ, ಬುದ್ಧಿ ಇಲ್ಲ. ಬಿಳೀ ಪಂಚೆ, ಬಿಳೀ ಶರಟು, ಬಿಳೀ ಪೇಟದ ಮದುಮಗನನ್ನ ನೋಡಿ "ಓಹೋ, ಬೆಳಕು ಜಾಸ್ತಿ" ಅಂತ ತಾನೇ ಕಮ್ಮಿ ಮಾಡುತ್ತೆ. ಮುಖ ಕಪ್ಪಾಗುತ್ತೆ. ಒಂದು ಸ್ಟಾಪ್ ಏರಿಸಿ. ಕಪ್ಪು ಕೋಟಿನವನಿಗೆ ಅಷ್ಟೇ ಇಳಿಸಿ.

ಬೆಂಚಿನ ಮೇಲೆ ಕೂತಿದ್ದ ಹುಡುಗ

ಇದೆಲ್ಲ ಬರೀ ಶೋಕಿಯ ವಿಷಯ ಅಂದ್ಕೋಬೇಡಿ. ಗಾಂಧಿನಗರದ ಒಂದು ಆಫೀಸಿನ ಬೆಂಚಿನ ಮೇಲೆ ಸಂದರ್ಶನಕ್ಕಾಗಿ ಕಾಯ್ತಾ ಕೂತಿದ್ದೆ. ಪಕ್ಕದಲ್ಲಿ ಹಾಸನದ ಕಡೆಯ ಹುಡುಗ, ಎದೆಗೆ ಆಲ್ಬಂ ಅವಚಿಕೊಂಡು. ಅಪ್ಪ ಹಸು ಮಾರಿ ಕೊಟ್ಟ ದುಡ್ಡಿನಲ್ಲಿ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋಗಳು. ಮ್ಯಾನೇಜರು ಫಟಫಟ ಪುಟ ತಿರುಗಿಸಿ, "ಏನಯ್ಯಾ, ಎಲ್ಲದರಲ್ಲೂ ರೇಷನ್ ಕಾರ್ಡಿಗೆ ನಿಂತ ಹಾಗೆ ನಿಂತಿದೀಯಲ್ಲ" ಅಂತ ವಾಪಸ್ ಕೊಟ್ಟರು.

ಹುಡುಗನ ಮುಖದಲ್ಲಿ ಏನೂ ಕೊರತೆ ಇರಲಿಲ್ಲ. ಒಳ್ಳೇ ದವಡೆ, ಆಳವಾದ ಕಣ್ಣು. ನೆಟ್ಟಗೆ ಹೊಡೆದ ಫ್ಲಾಶು ಅವೆರಡನ್ನೂ ಅಳಿಸಿಹಾಕಿತ್ತು. "ಬಾರಪ್ಪಾ ಇಲ್ಲಿ" ಅಂತ ಮೆಟ್ಟಿಲ ಹತ್ತಿರ ಕರಕೊಂಡು ಹೋದೆ. ಒಂದು ಪಕ್ಕ ಸುಣ್ಣದ ಗೋಡೆ. ಗೋಡೆಗೆ ಫ್ಲಾಶ್ ತಿರುಗಿಸಿ ಆರು ಫೋಟೋ ತೆಗೆದೆ. "ಸಾರ್, ಇದು ನಾನೇನಾ?" ಅಂದ. ನೀನೇ ಕಣಪ್ಪ, ಇಷ್ಟು ದಿನ ನಿನ್ನನ್ನ ಯಾರೂ ತೋರಿಸಿರಲಿಲ್ಲ ಅಷ್ಟೇ, ಅಂದೆ.

ಮುಂದಿನ ವಾರ ಅದೇ ಮ್ಯಾನೇಜರು ಪುಟ ತಿರುಗಿಸೋ ಕೈ ನಿಲ್ಲಿಸಿ, ಆಡಿಷನ್ನಿಗೆ ಬಾ ಅಂದರಂತೆ. ಅಲ್ಲಿಂದ ಮುಂದೆ ಅವನ ನಟನೆ, ಅವನ ಹಣೆಬರಹ. ಆದರೆ ಬಾಗಿಲೊಳಗೆ ಕಾಲಿಡೋಕೆ ಮುಂಚೆಯೇ ಕೆಟ್ಟ ಬೆಳಕಿಗೆ ಬಲಿಯಾಗೋದು ಯಾವ ನ್ಯಾಯ? ಮದುವೆಯಲ್ಲೂ ಅಷ್ಟೇ. ಸಿನಿಮಾದಲ್ಲಾದರೆ "ಒನ್ ಮೋರ್" ಅನ್ನಬಹುದು. ತಾಳಿ ಕಟ್ಟೋದಕ್ಕೆ ಒನ್ ಮೋರ್ ಇಲ್ಲ ಸ್ವಾಮಿ! ಮದುಮಗಳಿಗೆ ಹಚ್ಚೋ ಕೆಲವು ಪೌಡರುಗಳು ನೇರ ಫ್ಲಾಶಿಗೆ ಬೆಳ್ಳಗೆ ಹೊಳೆದು ಮುಖ ಬೂದಿ ಬಳಿದ ಹಾಗೆ ಕಾಣುತ್ತೆ. ಆ ಆಲ್ಬಮ್ಮನ್ನ ಆ ಮನೆಯವರು ಐವತ್ತು ವರ್ಷ ನೋಡಬೇಕು.

ಲೆನ್ಸಿನ ಮುಂದಿನ ಚಿಕ್ಕ ಗಾಜುಗಳು

ಫ್ಲಾಶು ಆಯ್ತು. ಇನ್ನು ಲೆನ್ಸಿನ ಒಡವೆಗಳು. ಅಂಗಡಿಯವನು ಹತ್ತು ತೋರಿಸ್ತಾನೆ. ನಿಮಗೆ ಬೇಕಾದ್ದು ಮೂರೋ ನಾಕೋ.

ಮೊದಲು ಹುಡ್. ಲೆನ್ಸಿನ ಮೂತಿಗೆ ಹಾಕೋ ಕರೀ ಬಳೆ. ಪಕ್ಕದ ಬೆಳಕು ಲೆನ್ಸಿಗೆ ಬಡಿದು ಚಿತ್ರ ಮಸುಕಾಗೋದನ್ನ ತಡೆಯುತ್ತೆ. ಕೈ ಜಾರಿದರೆ ಮೊದಲ ಪೆಟ್ಟೂ ಅದಕ್ಕೇ. ಹಣೆಗೆ ಕೈ ಅಡ್ಡ ಹಿಡಿದು ಬಿಸಿಲಲ್ಲಿ ನೋಡ್ತೀವಲ್ಲ, ಅದೇ ಇದು.

ಎರಡನೇದು ಪೋಲರೈಜರ್. ನೀರಿನ ಮೇಲಿನ, ಕಾರಿನ ಗಾಜಿನ ಮೇಲಿನ ಹೊಳಪನ್ನ ಒರೆಸಿಹಾಕುತ್ತೆ. ಮಳೆಗಾಲದ ಮಲೆನಾಡಿನ ಎಲೆಗಳ ಮೇಲಿನ ಬಿಳೀ ಮಿಂಚು ಹೋಗಿ ಹಸಿರು ಹಸಿರಾಗೇ ಬರುತ್ತೆ. ಸೂರ್ಯ ನಿಮ್ಮ ಪಕ್ಕಕ್ಕಿದ್ದಾಗ ಆಕಾಶ ಗಾಢ ನೀಲಿ. ಬೆಲೆ ಏನಪ್ಪ ಅಂದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕೊಡಬೇಕು. ಕತ್ತಲೆಯಲ್ಲಿ ಬಿಚ್ಚಿಡಿ.

ಮೂರನೇದು ನಮ್ಮ ಸಿನಿಮಾದವರ ಪ್ರೀತಿಯ ಸ್ಟಾರ್ ಫಿಲ್ಟರ್. 1970, 80ರ ದಶಕದ ಕ್ಲಬ್ ಡ್ಯಾನ್ಸುಗಳಲ್ಲಿ ಪ್ರತಿ ಬಲ್ಬಿನಿಂದಲೂ ನಾಕು ಮೂಲೆಗೆ ಕಿರಣ ಹಾರುತ್ತಲ್ಲ, ಅದು. ಗಾಜಿನ ಮೇಲೆ ಗೀಚಿದ ಸಣ್ಣ ಗೆರೆಗಳು, ಅಷ್ಟೇ ಮ್ಯಾಜಿಕ್! ಎರಡು ಕಡೆಯ ಗೆರೆ ಇದ್ದರೆ ನಾಕು ಕಿರಣ, ಮೂರು ಕಡೆಯದಿದ್ದರೆ ಆರು. ಇಡೀ ಆಲ್ಬಮ್ಮಿಗೆ ಹಾಕಬೇಡಿ. ಪಾಯಸ ರುಚಿ ಅಂತ ಅನ್ನಕ್ಕೂ ಸಕ್ಕರೆ ಹಾಕ್ತೀರಾ?

ನಾಲ್ಕನೇದು ಸಾಫ್ಟ್. ಹಾಲಿವುಡ್ಡಿನ ಹಳೇ ಕ್ಯಾಮೆರಾಮನ್‌ಗಳು ನಾಯಕಿಯ ಕ್ಲೋಸಪ್ಪಿಗೆ ಲೆನ್ಸಿಗೆ ತೆಳು ಜಾಲರಿ ಬಟ್ಟೆ, ರೇಷ್ಮೆ ಕಾಲುಚೀಲ ಬಿಗಿತಿದ್ದರು. ಸುಕ್ಕು ಮಾಯ, ದೀಪಗಳ ಸುತ್ತ ಪ್ರಭೆ. ನೀವೂ ಹಳೇ ಫಿಲ್ಟರ್ ಗಾಜಿನ ಅಂಚಿಗೆ ಚೂರು ವ್ಯಾಸಲೀನ್ ಸವರಿ ನೋಡಬಹುದು. ಫಿಲ್ಟರ್ ಗಾಜಿಗೆ ಅಂದೆ, ಲೆನ್ಸಿಗಲ್ಲ! ಲೆನ್ಸಿಗೆ ಸವರಿ ಆಮೇಲೆ ನನಗೆ ಪತ್ರ ಬರೀಬೇಡಿ.

ಹತ್ತಿರದ ಜುಮುಕಿ, ಉಂಗುರಕ್ಕೆ ಕ್ಲೋಸಪ್ ಲೆನ್ಸು ಅಗ್ಗ. ದೂರದ ಸ್ಟೇಜಿನ ಹೀರೋನ ಹತ್ತಿರ ತರೋಕೆ ಟೆಲಿಕನ್ವರ್ಟರ್ ಇದೆ. ಆದರೆ ಎರಡರಷ್ಟು ಹತ್ತಿರ ತಂದರೆ ಎರಡು ಸ್ಟಾಪ್ ಬೆಳಕು ತಿನ್ನುತ್ತೆ. ರಾತ್ರಿ ಕಾರ್ಯಕ್ರಮದಲ್ಲಿ ಅದು ಶತ್ರು. ಲೆನ್ಸಿಗೊಂದೊಂದು ಫಿಲ್ಟರ್ ಕೊಳ್ಳೋ ಬದಲು ದೊಡ್ಡ ಲೆನ್ಸಿನ ಅಳತೆಯದು ಒಂದು ಕೊಂಡು, ಚಿಕ್ಕವಕ್ಕೆ ಸ್ಟೆಪ್‌ಅಪ್ ರಿಂಗ್ ಹಾಕಿ. ದುಡ್ಡು ಉಳೀತು.

ಸೆಕೆಂಡ್ ಹ್ಯಾಂಡ್ ಮಾಲಿನ ಎಚ್ಚರಿಕೆ

ಸಂತೆಯಲ್ಲಿ, ಗುಜರಿಯಲ್ಲಿ ರೀಲ್ ಕಾಲದ ಫ್ಲಾಶುಗಳು ಸಿಗ್ತವೆ. ಒಂದು ಕಾಲಕ್ಕೆ ಪ್ರೆಸ್ ಫೋಟೋಗ್ರಾಫರುಗಳ ಬಲಗೈಯಾಗಿದ್ದ ವಿವಿಟಾರ್ 283 ಥರದವು. ಬೆಳಕು ಇವತ್ತಿಗೂ ಜೋರು. ಆದರೆ ಆ ಹಳೆಯವುಗಳಲ್ಲಿ ಕೆಲವು ಕ್ಯಾಮೆರಾದ ತಲೆಯ ಕೊಂಡಿಗೆ ಇನ್ನೂರು ವೋಲ್ಟಿಗೂ ಮಿಕ್ಕಿ ಹಾಯಿಸ್ತವೆ. ರೀಲ್ ಕ್ಯಾಮೆರಾ ತಡಕೊಳ್ತಿತ್ತು. ಡಿಜಿಟಲ್ ಕ್ಯಾಮೆರಾದ ಸೂಕ್ಷ್ಮ ಸರ್ಕೀಟು ಸುಟ್ಟು ಹೋಗಬಹುದು. ನೂರಾರು ರೂಪಾಯಿಯ ಫ್ಲಾಶು ಸಾವಿರಾರು ರೂಪಾಯಿಯ ಕ್ಯಾಮೆರಾ ನುಂಗಿಬಿಡುತ್ತೆ! ವೋಲ್ಟ್ ಮೀಟರಿನಲ್ಲಿ ಅಳೆಸಿ, ಇಲ್ಲವೇ ಅಗ್ಗದ ರೇಡಿಯೋ ಟ್ರಿಗರಿಗೆ ಸಿಕ್ಕಿಸಿ ದೂರ ಇಡಿ. ಆ ಟ್ರಿಗರ್ ಎಷ್ಟು ವೋಲ್ಟ್ ತಡೆಯುತ್ತೆ ಅಂತಲೂ ಕೇಳಿಯೇ ಕೊಳ್ಳಿ.

ಫ್ಲಾಶ್ ಇದೆ ಅಂತ ಎಲ್ಲ ಕಡೆ ಮಿಂಚಿಸೋದೂ ತಪ್ಪು. ಯಕ್ಷಗಾನದ ವೇಷಧಾರಿ ರಂಗದ ಮೇಲೆ ಹಾರೋ ಹೊತ್ತಿಗೆ ಅವನ ಕಣ್ಣಿಗೆ ಹೊಡೆಯಬೇಡಿ, ಕಾಲು ಉಳುಕೀತು. ಎಳೇ ಮಗುವಿನ ಮುಖಕ್ಕೆ ಹತ್ತಿರದಿಂದ ಹೊಡೆಯಬೇಡಿ. ರಾಯ್ ಅವರ ಜೊತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಓಡಾಡಿದ ಸ್ಟಿಲ್ ಫೋಟೋಗ್ರಾಫರ್ ನಿಮಾಯ್ ಘೋಷ್, ಇದ್ದ ಬೆಳಕಿನಲ್ಲೇ ತೆಗೆದು ಹೆಸರಾದರು. ಫ್ಲಾಶ್ ಹಾಕೋದು ಒಂದು ವಿದ್ಯೆ, ಹಾಕದೆ ಇರೋದು ಅದಕ್ಕಿಂತ ದೊಡ್ಡ ವಿದ್ಯೆ.

"ನನ್ನ ಹತ್ತಿರ ಕ್ಯಾಮೆರಾನೇ ಇಲ್ಲ, ಮೊಬೈಲು ಮಾತ್ರ" ಅಂತೀರಾ? ಅಡ್ಡಿಯಿಲ್ಲ. ಮೊಬೈಲಿನ ಫ್ಲಾಶ್ ಬಂದ್ ಮಾಡಿ. ಗೆಳೆಯನ ಮೊಬೈಲಿನ ಟಾರ್ಚನ್ನ ಪಕ್ಕದ ಬಿಳೀ ಗೋಡೆಗೆ ಬಿಡಿಸಿ. ಅದೇ ನಿಮ್ಮ ಸೆಟ್ಟು, ಅವನೇ ನಿಮ್ಮ ಲೈಟ್ ಬಾಯ್!

ಇವತ್ತು ರಾತ್ರಿ ಊಟ ಆದ ಮೇಲೆ ಅಮ್ಮನನ್ನ ಗೋಡೆ ಪಕ್ಕದಲ್ಲಿ ಕೂರಿಸಿ. ಮೂರು ಫೋಟೋ ತೆಗೀರಿ. ಒಂದು ನೆಟ್ಟಗೆ ಮುಖಕ್ಕೆ, ಒಂದು ಸೂರಿಗೆ, ಒಂದು ಪಕ್ಕದ ಗೋಡೆಗೆ. ಮೂರನ್ನೂ ಅಮ್ಮನ ಕೈಗೇ ಕೊಡಿ. ಯಾವುದನ್ನ ನೋಡಿ ಅವರು ಸೆರಗು ಸರಿಮಾಡ್ಕೊಂಡು, "ಇನ್ನೊಂದು ತೆಗಿಯೋ" ಅಂತಾರೋ ನೋಡಿ. ಆ ಮೇಲೆ ಹೇಳಿ, ಕೊಳ್ಳಬೇಕಾದ್ದು ಹೊಸ ಕ್ಯಾಮೆರಾನೋ, ತಿರುಗೋ ತಲೆಯ ಒಂದು ಫ್ಲಾಶೋ?